ಗೋಡೆಯ ಬೋರ್ಡು ಮಿಷನ್ ಜೊತೆ ಹಳ್ಳಿಗೆ ಹೋಗಲ್ಲ

ಓದುಗರ ಪತ್ರ: ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಮೇವು ಕತ್ತರಿಸುವ ಮಿಷನ್ ಮಾಡಿ ಮಾರುತ್ತೇವೆ. ವರ್ಕ್‌ಶಾಪ್ ಒಳಗೆ ಸೇಫ್ಟಿ ಕಟ್ಟುನಿಟ್ಟು. ಬೆಲ್ಟಿಗೆ ಕವರ್, ವೆಲ್ಡಿಂಗಿಗೆ ಕನ್ನಡಕ, ಗೋಡೆಗೆ ಬೋರ್ಡು, ಎಲ್ಲ ಇವೆ. ಹೋದ ವರ್ಷ ಜಗಳೂರು ಕಡೆ ನಮ್ಮ ಮಿಷನ್‌ಗೆ ಹೆಣ್ಣುಮಗಳೊಬ್ಬರ ಎರಡು ಬೆರಳು ಹೋದವು. ನಾವು ಹಾಕಿದ್ದ ಮುಚ್ಚಳ ಬಿಚ್ಚಿಟ್ಟಿದ್ದರಂತೆ. ಇದರಲ್ಲಿ ನನ್ನ ತಪ್ಪೆಷ್ಟು? ಇನ್ನೂ ಭದ್ರ ಮಾಡೋಣ ಅಂದರೆ ಬೆಲೆ ಏರುತ್ತೆ. ಪಕ್ಕದವನು ಕಡಿಮೆಗೆ ಕೊಡ್ತಾನೆ. ಚಿತ್ರ ಕಳಿಸಿದ್ದೇನೆ, ನೋಡಿ. (ಹೆಸರು ಬೇಡ)

ಸಂಪಾದಕರ ಉತ್ತರ:

ನಿಮ್ಮ ಪತ್ರ ಎರಡು ದಿನ ಮೇಜಿನ ಮೇಲೇ ಇತ್ತು. ತಪ್ಪು ಯಾರದು ಎಂದು ತೀರ್ಪು ಕೊಡೋಕೆ ನಾನು ಯಾರು? ಆದರೆ ಇಂಥ ಪತ್ರ ಬರೆಯೋರು ಕಡಿಮೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ನಿಮಗೆ ಗೊತ್ತಿರುವ ಮಾತಿಂದಲೇ ಶುರು ಮಾಡೋಣ. ಹರಿಹರದ ಕಿರ್ಲೋಸ್ಕರ್ ಲೇತ್ (ಕಬ್ಬಿಣ ಕಡೆಯುವ ಮಿಷನ್) ಮೇಲೆ ಕೈ ಪಳಗಿಸಿದವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. 'ಚಕ್ ಕೀ ಚಕ್ಕಲ್ಲೇ ಬಿಡಬೇಡ' ಎಂದು ಅವರೆಲ್ಲ ಬೈಸಿಕೊಂಡವರೇ. ಚಕ್ ಅಂದರೆ ಕಬ್ಬಿಣ ಹಿಡಿದು ತಿರುಗುವ ಹಿಡಿ, ಕೀ ಅಂದರೆ ಅದನ್ನು ಬಿಗಿ ಮಾಡುವ ಚಾವಿ. ಕೀ ಮರೆತು ಸ್ವಿಚ್ ಹಾಕಿದರೆ ಅದು ಕಲ್ಲಿನ ಹಾಗೆ ಹಾರುತ್ತೆ. ಆಮೇಲೆ ಯಾರೋ ಕೀಗೆ ಒಂದು ಸ್ಪ್ರಿಂಗ್ ಕೂರಿಸಿದರು. ಈಗ ಕೈ ಬಿಟ್ಟ ತಕ್ಷಣ ಕೀ ತಾನೇ ಹೊರಬೀಳುತ್ತೆ. ಬೈಯುವ ಮೇಸ್ತ್ರಿ ರಜೆ ಹಾಕಿದ ದಿನವೂ ಸ್ಪ್ರಿಂಗ್ ಕೆಲಸ ಮಾಡುತ್ತೆ, ಅಲ್ವಾ?

ಕಾರ್ಖಾನೆ ಸುರಕ್ಷತೆ ಕಲಿಸುವವರು ಐದು ಮೆಟ್ಟಿಲ ಏಣಿಯೊಂದನ್ನು ಹೇಳುತ್ತಾರೆ. ಮೊದಲು ಅಪಾಯವನ್ನೇ ತೆಗೆಯಿರಿ. ಆಗದಿದ್ದರೆ ಕಡಿಮೆ ಅಪಾಯದ್ದನ್ನು ತನ್ನಿ. ಆಮೇಲೆ ತಡೆ, ಕವರ್. ಆಮೇಲೆ ನಿಯಮ, ತರಬೇತಿ, ಬೋರ್ಡು. ಕಟ್ಟಕಡೆಗೆ ಕೈಗವಸು, ಕನ್ನಡಕ. ನಿಮ್ಮ ವರ್ಕ್‌ಶಾಪ್‌ನಲ್ಲಿ ಕೆಳಗಿನ ಎರಡು ಮೆಟ್ಟಿಲೂ ನಡೆಯುತ್ತವೆ, ಯಾಕಂದ್ರೆ ನೀವು ಅಲ್ಲೇ ನಿಂತಿರುತ್ತೀರಿ. ಮಿಷನ್ ಟೆಂಪೋ ಹತ್ತಿ ಜಗಳೂರಿಗೆ ಹೋದ ಮೇಲೆ? ಆ ಕೊಟ್ಟಿಗೆಯೂ ಕೆಲಸದ ಜಾಗವೇ. ಅಲ್ಲಿ ಮೇಸ್ತ್ರಿ ಇಲ್ಲ, ತರಬೇತಿ ಇಲ್ಲ. ಸ್ಟಿಕ್ಕರ್ ಸಗಣಿ ನೀರಿಗೆ ಒಂದೇ ಮಳೆಗಾಲದಲ್ಲಿ ಕಿತ್ತುಬರುತ್ತೆ. ಕೈಗವಸಂತೂ ಬೇಡವೇ ಬೇಡ, ಮೇವು ಒಳಗೆಳೆಯಲು ತಿರುಗುವ ರೋಲರ್ ಮುಂದೆ ಅದು ಕೈಯನ್ನೇ ಒಳಗೆ ಎಳೆಯುತ್ತೆ. ಹಾಗಾಗಿ ನಿಮ್ಮ ಪಾಲಿಗೆ ಉಳಿಯೋದು ಮೇಲಿನ ಮೂರೇ ಮೆಟ್ಟಿಲು. ಮಿಷನ್ ವಿನ್ಯಾಸದ ಅಂತರರಾಷ್ಟ್ರೀಯ ಮಾನಕ ಐಎಸ್ಒ 12100 ಕೂಡ ಇದೇ ಕ್ರಮ ಹೇಳುತ್ತೆ: ಮೊದಲು ವಿನ್ಯಾಸ ಬದಲಿಸು, ಆಮೇಲೆ ತಡೆ ಹಾಕು, ಎಚ್ಚರಿಕೆಯ ಮಾತು ಕೊನೆಗೆ.

ಈಗ ನಿಮ್ಮ ಚಿತ್ರ. ದಂಟು ಇಟ್ಟು ತಳ್ಳುವ ತೊಟ್ಟಿಯ ಅಂಚಿನಿಂದ ರೋಲರ್‌ಗೆ 40 ಸೆಂ.ಮೀ. ಬಾಯಿ ಎತ್ತರ 10 ಸೆಂ.ಮೀ. ಇಷ್ಟು ಅಗಲದ ಸಂದಿಯಲ್ಲಿ ಭುಜದವರೆಗೂ ಕೈ ತೂರುತ್ತೆ. ಅದಕ್ಕೇ ಐಎಸ್ಒ 13857 ಎಂಬ ಮಾನಕದಲ್ಲಿ 4ರಿಂದ 12 ಸೆಂ.ಮೀ. ಸಂದಿಗೆ 85 ಸೆಂ.ಮೀ. ದೂರ ಬೇಕು ಎಂದಿದೆ. ಅದು 14 ವರ್ಷ ದಾಟಿದವರ ಲೆಕ್ಕ. ಮಕ್ಕಳಿಗೆ ಬೇರೆಯೇ ಪಟ್ಟಿ ಇದೆ, ಅದನ್ನೂ ನೋಡಿ. ಕೊಟ್ಟಿಗೆಯಲ್ಲಿ ಮಕ್ಕಳು ಇರದ ಹೊತ್ತು ಯಾವುದು ಹೇಳಿ! ಒಕ್ಕಣೆ ಮಿಷನ್‌ನ ಭಾರತೀಯ ಮಾನಕದಲ್ಲಿ ತೊಟ್ಟಿ 90 ಸೆಂ.ಮೀ. ಉದ್ದ, ಅದರಲ್ಲಿ 45 ಸೆಂ.ಮೀ. ಮುಚ್ಚಿರಬೇಕು. ನಿಮ್ಮ ತೊಟ್ಟಿ ಆ 90ರ ಅರ್ಧವೂ ಇಲ್ಲ. ಇಲ್ಲಿ ಬೇಕಾಗಿರೋದು ಇನ್ನೊಂದು ಅರ್ಧ ಮೀಟರ್ ತಗಡು, ಅಷ್ಟೇ.

ಮುಚ್ಚಳ ಬಿಚ್ಚಿಟ್ಟರು ಎಂದು ಬೇಜಾರು ಮಾಡಿಕೊಂಡಿದ್ದೀರಿ. ನನ್ನದೊಂದು ಅನುಭವ ಹೇಳುತ್ತೇನೆ. ಪತ್ರಿಕೆ ಅಚ್ಚಾಗುವ ಪ್ರೆಸ್‌ನಲ್ಲಿ ಕಾಗದ ಕತ್ತರಿಸುವ ಮಿಷನ್‌ಗೆ ಎರಡು ಗುಂಡಿ ಇದ್ದವು. ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಬ್ಲೇಡ್ ಇಳಿಯೋದು. ಒಂದು ದಿನ ನೋಡಿದರೆ ಒಂದು ಗುಂಡಿಗೆ ಬೆಂಕಿಕಡ್ಡಿ ಸಿಕ್ಕಿಸಿ ಟೇಪ್ ಸುತ್ತಿದ್ದಾರೆ. ರೇಗಿದೆ. ಹುಡುಗ ಹೇಳಿದ, 'ಸಾರ್, ನುಣುಪು ಕಾಗದ ಜಾರುತ್ತೆ, ಒಂದು ಕೈಯಲ್ಲಿ ಹಿಡಿಬೇಕು.' ಒತ್ತಿ ಹಿಡಿಯುವ ಪಟ್ಟಿ ಸವೆದಿತ್ತು. ಪಟ್ಟಿ ಬದಲಿಸಿದೆವು. ಬೆಂಕಿಕಡ್ಡಿ ಮತ್ತೆ ಕಾಣಲಿಲ್ಲ.

ನಿಮ್ಮ ಮುಚ್ಚಳ ಯಾಕೆ ಬಿಚ್ಚಿದರು ಎಂದು ಅವರನ್ನು ಕೇಳಿದಿರಾ? ನನ್ನ ಊಹೆ: ಹಸಿ ಜೋಳದ ದಂಟು ಅಲ್ಲಿ ಸಿಕ್ಕಿಕೊಳ್ಳುತ್ತೆ. ನಾಲ್ಕು ಬೋಲ್ಟು, ಎರಡು ಅಳತೆಯ ಸ್ಪ್ಯಾನರ್. ಎರಡು ಸಲ ಬಿಚ್ಚಿ ಹಾಕುತ್ತಾರೆ, ಮೂರನೇ ಸಲ ಗೋಡೆಗೆ ಒರಗಿಸಿಡುತ್ತಾರೆ. ಬೋಲ್ಟ್ ಬಿಡಿ, ಹಿಂಜ್ ಹಾಕಿ. ಮುಚ್ಚಳ ಎತ್ತಿದರೆ ಬೆಲ್ಟ್ ಬಿಗಿ ಹಿಡಿದ ಪುಲ್ಲಿ ಸಡಿಲಾಗಿ ರೋಲರ್ ನಿಲ್ಲುವ ಹಾಗೆ ಒಂದು ಕಡ್ಡಿ ಕೊಡಿ. ಬ್ಲೇಡ್ ಚಕ್ರ ನಿಲ್ಲೋಕೆ ಹೊತ್ತು ಹಿಡಿಯುತ್ತೆ, ಅದಕ್ಕೆ ಬೇರೆ ಕವರ್ ಇರಲಿ. ಕಡ್ಡಿಯ ಬದಲು ಮುಚ್ಚಳಕ್ಕೆ ಸ್ವಿಚ್ ಕೂರಿಸಿದರೆ ವೈರ್ ಸೇರಿಸಿ ಯಾಮಾರಿಸುತ್ತಾರೆ. ಮುಚ್ಚಳವಿಲ್ಲದೆ ಬೆಲ್ಟೇ ಬಿಗಿಯಾಗದಿದ್ದರೆ ಯಾಮಾರಿಸೋದು ಕಷ್ಟ.

ಕರೆಂಟಿನ ಮಾತೂ ಇದೆ. ಪಂಪ್‌ಸೆಟ್ಟಿಗೆ ನಮ್ಮ ರೈತರು ಆಟೋ ಸ್ಟಾರ್ಟರ್ ಹಾಕಿರುತ್ತಾರೆ, ರಾತ್ರಿ ಎರಡಕ್ಕೆ ಕರೆಂಟ್ ಬಂದರೂ ಮೋಟರ್ ತಾನೇ ಓಡಲಿ ಅಂತ. ಅದೇ ಲೈನಿಗೆ ಮೇವಿನ ಮಿಷನ್ ಸೇರಿಸಿದರೆ ಏನಾಗುತ್ತೆ ಯೋಚಿಸಿ. ಕರೆಂಟ್ ಹೋಯ್ತು ಎಂದು ಕೈ ಹಾಕಿ ದಂಟು ಕೀಳುತ್ತಿರುವಾಗ ಕರೆಂಟ್ ಬರುತ್ತೆ. ಮಿಷನ್ ಮೇಲೆಯೇ ಬೇರೆ ಸ್ಟಾರ್ಟರ್ ಕೂರಿಸಿ ಕೊಡಿ. ಕರೆಂಟ್ ಹೋದರೆ ಬಿಟ್ಟುಕೊಂಡು, ಗುಂಡಿ ಒತ್ತುವವರೆಗೂ ಏಳದಂಥದ್ದು.

ಕಾನೂನು ಬೇಗ ಮುಗಿಸುತ್ತೇನೆ. ಕಾರ್ಖಾನೆ ಕಾಯ್ದೆಗೆ 1987ರಲ್ಲಿ ಸೇರಿದ 7ಬಿ ಕಲಮು, ಕಾರ್ಖಾನೆಗೆ ಹೋಗುವ ಸಾಮಾನನ್ನು ವಿನ್ಯಾಸ ಮಾಡಿದವರ, ತಯಾರಿಸಿದವರ ಮೇಲೂ ಹೊಣೆ ಹೊರಿಸಿತು. ಕೆಲಸದ ಜಾಗದ ಸುರಕ್ಷತೆಯ 2020ರ ಸಂಹಿತೆಯಲ್ಲೂ ಅಂಥದ್ದೇ ಮಾತಿದೆ. ಒಕ್ಕಣೆ ಮಿಷನ್‌ಗೆ 1983ರ ಅಪಾಯಕಾರಿ ಯಂತ್ರಗಳ ಕಾಯ್ದೆ ಇದೆ. ಕೊಟ್ಟಿಗೆ ಕಾರ್ಖಾನೆಯಲ್ಲ ಎಂದು ವಕೀಲರು ವಾದಿಸಬಹುದು. ನಿಮ್ಮ ಪತ್ರ ನೋಡಿದರೆ ನಿಮಗೆ ಆ ವಾದ ಬೇಕಿಲ್ಲ ಅನ್ನಿಸುತ್ತೆ.

ಬೆಲೆ? ಪಕ್ಕದವನಿಗಿಂತ ತುಸು ಜಾಸ್ತಿ ಆಗಬಹುದು. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಒಂದು ಮಾತು ಮಾತ್ರ ಹೇಳಬಲ್ಲೆ: ಮಿಷನ್ ಕೊಳ್ಳೋಕೆ ಬರೋದು ಗಂಡಸರು, ದಂಟು ಕೊಡೋದು ಹೆಚ್ಚಾಗಿ ಹೆಂಗಸರು. ನೀವು ಟ್ರಯಲ್ ನೋಡುವಾಗ ಪ್ಯಾಂಟು, ತುಂಬುತೋಳಿನ ಅಂಗಿ. ಅಲ್ಲಿ ಸೆರಗು, ಬಳೆ, ಸೊಂಟದ ಮೇಲೆ ಒಂದು ಮಗು. ಮುಂದಿನ ಟ್ರಯಲ್‌ಗೆ ಮನೆಯವರನ್ನೇ ಕರೆದು, ಕರೆಂಟ್ ಹಾಕದೆ, ದಂಟು ಕೊಡೋಕೆ ಹೇಳಿ. ಸೆರಗು ಎಲ್ಲಿ ತಾಗುತ್ತೆ ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ರೋಲರ್ ಹಿಂದಕ್ಕೆ ತಿರುಗಿಸುವ ರಿವರ್ಸ್ ಲಿವರ್ ಈಗ ಬಲಗಡೆ, ಗೇರ್ ಆಚೆಗಿದೆ. ಎರಡೂ ಕೈಯಲ್ಲಿ ದಂಟು ಹಿಡಿದವರಿಗೆ ಅದು ಸಿಗಲ್ಲ. ಮೊಣಕಾಲಿಗೆ ತಾಗುವ ಹಾಗೆ ಮುಂದಕ್ಕೆ ತನ್ನಿ. ಹೊಸ ಚಿತ್ರ ಕಳಿಸಿದರೆ ಅಳತೆ ಸಮೇತ ಇದೇ ಪುಟದಲ್ಲಿ ಹಾಕುತ್ತೇವೆ. ಪಕ್ಕದವನೂ ನೋಡಲಿ.