ನೇಕಾರರ ಸಂಘದ ಅನುದಾನಕ್ಕೆ ಆಡಿಟ್: ಏನೇನು ಸಿದ್ಧ ಮಾಡಿಕೊಳ್ಳಬೇಕು?

ಗುಳೇದಗುಡ್ಡದ ನಿಮ್ಮ ನೇಕಾರರ ಸಂಘಕ್ಕೆ ಮಗ್ಗದ ಸಾಮಾನಿಗೆ ಕೇಂದ್ರದ ಅನುದಾನ ಬಂದಿತ್ತು, ಮುಂದಿನ ತಿಂಗಳು ಆಡಿಟ್ ಇದೆ, ಬಿಲ್‌ಗಳನ್ನು ಹೇಗೆ ಜೋಡಿಸಲಿ ಎಂದು ಕೇಳಿದ್ದೀರಿ. ಬಾಗಲಕೋಟೆ ಸುತ್ತಿನ ಸಂಘಗಳ ಲೆಕ್ಕ ಬರೆಯುವುದೇ ನನ್ನ ಕೆಲಸ. ಬಿಲ್ ಆಮೇಲೆ ನೋಡೋಣ, ಮೊದಲು ಮಂಜೂರಾತಿ ಆದೇಶ ತೆಗೆಯಿರಿ.

ಯಾವ ಬಾಬ್ತಿಗೆ ಎಷ್ಟು ಹಣ, ಯಾವ ಷರತ್ತು, ಎಲ್ಲಾ ಅದರಲ್ಲೇ ಇರುತ್ತದೆ. ಆಡಿಟರ್ ನಿಮ್ಮ ಖರ್ಚನ್ನು ತಾಳೆ ನೋಡುವುದೂ ಅದರ ಜೊತೆಗೇ. ಒಂದೊಂದು ಬಾಬ್ತಿಗೂ ಬೇರೆ ಫೈಲ್ ಮಾಡಿ, ಠರಾವಿನ ನಕಲು, ಕೊಟೇಶನ್, ಬಿಲ್, ಹಣ ಕೊಟ್ಟ ಬ್ಯಾಂಕ್ ದಾಖಲೆ ಹೀಗೆ ಸಾಲಾಗಿ ಇಡಿ. ಮಗ್ಗದಲ್ಲಿ ವಿನ್ಯಾಸ ಮೂಡಿಸುವ ಜಕಾರ್ಡ್ ಯಂತ್ರಕ್ಕೆ ಬಂದ ದುಡ್ಡಲ್ಲಿ ಶೆಡ್ಡಿಗೆ ತಗಡು ಹಾಕಿಸಿದ್ದರೆ ಆಕ್ಷೇಪಣೆ ಬಂದೇ ಬರುತ್ತದೆ. ಇಲಾಖೆಯ ಒಪ್ಪಿಗೆ ಪತ್ರ ಇದ್ದರೆ ಈಗಲೇ ಹುಡುಕಿ.

ಜಾಸ್ತಿ ಸಂಘಗಳು ಸಿಕ್ಕಿಬೀಳುವುದು ಸದಸ್ಯರಿಗೆ ಸಾಮಾನು ಹಂಚಿದ ಲೆಕ್ಕದಲ್ಲಿ. ರವಿಕೆಯ ಖಣ ನೇಯುವ ಮಗ್ಗ ಸದಸ್ಯರ ಮನೆಯೊಳಗೇ ಇರುತ್ತದೆ ಅಲ್ವಾ? ಆಡಿಟ್‌ನವರು ಅಲ್ಲಿಗೂ ಬರಬಹುದು. ಹಂಚಿಕೆ ಪಟ್ಟಿಯಲ್ಲಿ ಹೆಸರು, ಸಾಮಾನು, ತಾರೀಖು, ಸಹಿ ಅಥವಾ ಹೆಬ್ಬೆಟ್ಟು ಇರಲಿ. ಪಟ್ಟಿ ಹಿಡಿದು ಮನೆಮನೆಗೆ ಒಮ್ಮೆ ಹೋಗಿ ಬನ್ನಿ. ದಾಸ್ತಾನು ವಹಿಯಲ್ಲಿ ಬರೆದ ನಂಬರೂ ಜಕಾರ್ಡ್ ಮೇಲಿರುವ ನಂಬರೂ ಒಂದೇ ಇರಬೇಕು. ಸದಸ್ಯರು ತೀರಿಕೊಂಡು ಈಗ ಮಗ ನೇಯುತ್ತಿದ್ದರೆ ಅದನ್ನೂ ಆಡಳಿತ ಮಂಡಳಿಯ ಗಮನಕ್ಕೆ ತಂದು ನಡಾವಳಿಯಲ್ಲಿ ಬರೆಸಿ.

ಬಡ್ಡಿ ವಿಷಯ ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಾವಳಿ 2017ರ ಪ್ರಕಾರ ಅನುದಾನದ ಮೇಲೆ ಬಂದ ಬಡ್ಡಿಯನ್ನು ಸರ್ಕಾರಕ್ಕೇ ಕಟ್ಟಬೇಕು. ಸಂಘದ ಆದಾಯ ಅಂತ ತೋರಿಸಬೇಡಿ. ಹಣ ಬಳಕೆ ಪ್ರಮಾಣಪತ್ರ ನಮೂನೆ 12-ಎ ರಲ್ಲಿ, ಹಣಕಾಸು ವರ್ಷ ಮುಗಿದ 12 ತಿಂಗಳೊಳಗೆ ಹೋಗಬೇಕು. ಅದರ ಅಂಕಿ, ನಗದು ಪುಸ್ತಕ, ಪಾಸ್‌ಬುಕ್ ಮೂರೂ ತಾಳೆಯಾಗಲಿ.

ಸಾಗಾಟದ್ದು, ಪೆಟ್ರೋಲ್ ಬಂಕಿನದು ಅಂತ ನುಣುಪು ಕಾಗದದ ಬಿಲ್‌ಗಳಿದ್ದರೆ ಇವತ್ತೇ ಝರಾಕ್ಸ್ ಮಾಡಿಸಿ. ನಮ್ಮ ಕಡೆಯ ಬಿಸಿಲಿಗೆ ಅಕ್ಷರವೇ ಅಳಿಸಿಹೋಗುತ್ತದೆ.

ಇನ್ನು ಬಿಲ್ ಕಳೆದಿದ್ದರೆ, ಕೈಮುಗಿದು ಹೇಳುತ್ತೇನೆ, ಹಳೇ ತಾರೀಖು ಹಾಕಿ ಹೊಸದು ಬರೆಸಬೇಡಿ. ಅಂಗಡಿಯವರಿಂದ ನಕಲು ಪ್ರತಿಗೆ ಸೀಲು, ಸಹಿ ಹಾಕಿಸಿ ತನ್ನಿ. ಅದೂ ಸಿಗದಿದ್ದರೆ ಬಿಲ್ ಕಳೆದಿದೆ ಎಂದೇ ಅಧ್ಯಕ್ಷರ ಸಹಿಯಲ್ಲಿ ಪತ್ರ ಬರೆದು, ಹಣ ಕೊಟ್ಟ ಬ್ಯಾಂಕ್ ದಾಖಲೆಯನ್ನು ಅದಕ್ಕೆ ಲಗತ್ತಿಸಿ.