ಹೊಸಬರಿಗೆ ‘ಚಾಂಪಿಯನ್ಸ್’ ಕಲಿಸುವಾಗ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ಗೆಳೆಯರಿಗೆ ‘ಚಾಂಪಿಯನ್ಸ್’ ಅನ್ನುವ, ದಾಳ ಹಾಕುತ್ತಾ ಸೂಪರ್‌ಹೀರೋಗಳ ಪಾತ್ರ ವಹಿಸುವ ಆಟ (ರೋಲ್-ಪ್ಲೇಯಿಂಗ್ ಗೇಮ್) ಆಡಿಸಲು ಹೊರಟಿದ್ದೇನೆ. ಯಾರೂ ಇಂಥ ಆಟ ಆಡಿದವರಲ್ಲ. ಮೊದಲ ದಿನವೆಲ್ಲ ಕ್ಯಾರೆಕ್ಟರ್ ಮಾಡುವುದರಲ್ಲೇ ಹೋಯಿತು, ಇಬ್ಬರಿಗೆ ಆಗಲೇ ಬೇಜಾರಾಗಿದೆ. ಏನು ಮಾಡಲಿ?

ಉತ್ತರ: ಕ್ಯಾರೆಕ್ಟರ್ ಮಾಡುವ ಕೆಲಸವನ್ನು ಅವರಿಂದ ತೆಗೆದುಕೊಂಡುಬಿಡಿ. ಈ ಆಟದ ತೊಡಕು ಜಾಸ್ತಿ ಇರುವುದೇ ಅಲ್ಲಿ. 1981ರಲ್ಲಿ ಬಂದಾಗಿನಿಂದ ಇದರ ಸೊಗಸೇ ಪಾಯಿಂಟ್ ಖರ್ಚು ಮಾಡಿ ಬೇಕಾದ ಶಕ್ತಿ ಕಟ್ಟಿಕೊಳ್ಳುವುದು. ಆರನೇ ಆವೃತ್ತಿಯಲ್ಲಿ ಒಬ್ಬ ಸಾಮಾನ್ಯ ಸೂಪರ್‌ಹೀರೋಗೆ 400 ಪಾಯಿಂಟ್. ಆಡಿಯೇ ನೋಡದವರಿಗೆ ಅದರಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ ಅಂತ ಹೇಗೆ ಗೊತ್ತಾಗಬೇಕು, ಅಲ್ವಾ? ‘ಹಾರಬೇಕು, ಕೈಯಿಂದ ಬೆಂಕಿ ಬರಬೇಕು’ ಅಂತ ಅವರು ಹೇಳಲಿ, ಲೆಕ್ಕ ನೀವು ಹಾಕಿ. ಒಂದೆರಡು ಸಲ ಆಡಿದ ಮೇಲೆ ಬೇಕಾದ್ದನ್ನು ಬದಲಿಸಿಕೊಳ್ಳಲು ಬಿಡಿ.

ಸುಮ್ನೆ ನಿಯಮ ಓದಿ ಹೇಳುತ್ತಾ ಕೂರಬೇಡಿ, ನೇರ ಒಂದು ಸಣ್ಣ ಹೊಡೆದಾಟಕ್ಕೆ ಇಳಿಸಿ. ಬೇಗ ಬೀಳುವ ಪುಡಿ ಕಳ್ಳರು ಸಾಕು. ಬೇಜಾರಾದ ಇಬ್ಬರಿಗೇ ಮೊದಲ ಹೊಡೆತ ಕೊಡಿ.

ಒಂದು ಮಾತು ಮೊದಲೇ ಹೇಳಿಬಿಡಿ: ಏಟು ತಗುಲಲು ದಾಳದಲ್ಲಿ ಕಡಿಮೆ ಬೀಳಬೇಕು, ಪೆಟ್ಟು ಜೋರಾಗಲು ಜಾಸ್ತಿ ಬೀಳಬೇಕು. ಹೊಸಬರು ಎಡವುವುದು ಇಲ್ಲೇ. 11ಕ್ಕೆ ಹೊಡೆಯುವವನ ಒಸಿವಿ (ಗುರಿ ಹೊಡೆಯುವ ಸಾಮರ್ಥ್ಯದ ಅಂಕ) ಕೂಡಿಸಿ, ಎದುರಿನವನ ಡಿಸಿವಿ (ಏಟು ತಪ್ಪಿಸಿಕೊಳ್ಳುವ ಸಾಮರ್ಥ್ಯದ ಅಂಕ) ಕಳೆಯಿರಿ. ಮೂರು ದಾಳದ ಮೊತ್ತ ಅಷ್ಟೇ ಇದ್ದರೂ, ಅದಕ್ಕಿಂತ ಕಡಿಮೆ ಇದ್ದರೂ ಏಟು ತಗುಲಿತು.

ಪೆಟ್ಟಿನ ಲೆಕ್ಕವನ್ನು ಮಾತ್ರ ನಿಧಾನವಾಗಿ, ದಾಳ ಮುಂದಿಟ್ಟುಕೊಂಡೇ ತೋರಿಸಿ, ಯಾಕೆಂದರೆ ಮಾಮೂಲಿ ಹೊಡೆತದಲ್ಲಿ ಅದೇ ದಾಳಗಳನ್ನು ಎರಡು ಸಲ ಓದಬೇಕು. ಆರು ದಾಳದಲ್ಲಿ 6, 5, 4, 3, 2, 1 ಬಿತ್ತು ಅನ್ನಿ. ಒಟ್ಟು 21, ಅದು ಸ್ಟನ್, ಅಂದರೆ ತಲೆ ತಿರುಗಿಸುವ ಪೆಟ್ಟು. ಈಗ ಬಾಡಿ, ಅಂದರೆ ಗಾಯ ಮಾಡುವ ಪೆಟ್ಟು: 6 ಬಿದ್ದ ದಾಳಕ್ಕೆ 2, 1 ಬಿದ್ದದ್ದಕ್ಕೆ ಸೊನ್ನೆ, ಉಳಿದವಕ್ಕೆ ಒಂದೊಂದು. ಒಟ್ಟು 6. ಎರಡರಿಂದಲೂ ಕಳ್ಳನ ಪಿಡಿ (ಪೆಟ್ಟು ತಡೆಯುವ ಅಂಕ) ಕಳೆಯಿರಿ; ಅದು 8 ಆದರೆ ಅವನಿಗೆ 13 ಸ್ಟನ್ ಹೋಯಿತು, ಬಾಡಿ ಒಂದೂ ಹೋಗಲಿಲ್ಲ. ಅಂದರೆ ತಲೆ ತಿರುಗಿತು, ಗಾಯ ಆಗಲಿಲ್ಲ. ಇದನ್ನು ಆಟಗಾರರ ಕೈಯಲ್ಲೇ ಎಣಿಕೆ ಮಾಡಿಸಿ, ಎರಡನೇ ಹೊಡೆತಕ್ಕೆ ಅವರೇ ಲೆಕ್ಕ ಹೇಳುತ್ತಾರೆ.

ಯಾರ ಸರದಿ ಯಾವಾಗ ಅಂತ ತೋರಿಸುವ ಸ್ಪೀಡ್ ಚಾರ್ಟ್ ಮೊದಲ ಸಲ ಬೇಡವೇ ಬೇಡ. ಒಂದು ಟರ್ನ್‌ಗೆ (ಹೊಡೆದಾಟದ ಒಂದು ಸುತ್ತಿಗೆ) 12 ಸೆಗ್ಮೆಂಟ್ ಅಂದರೆ ಭಾಗ, ಸ್ಪೀಡ್ 4 ಇದ್ದವರು 3, 6, 9, 12ರಲ್ಲಿ, 5 ಇದ್ದವರು 3, 5, 8, 10, 12ರಲ್ಲಿ ಅಂತ ಶುರು ಮಾಡಿದರೆ ಎಲ್ಲರೂ ಹಾಳೆ ನೋಡುತ್ತಾ ಕೂರುತ್ತಾರೆ. ಕಳ್ಳರೂ ಸೇರಿ ಎಲ್ಲರಿಗೂ ಸ್ಪೀಡ್ 4 ಕೊಡಿ, ಸರದಿ ಪ್ರಕಾರ ಆಡಿ. ಎಂಡ್ಯೂರೆನ್ಸ್ (ದಣಿವಿನ) ಲೆಕ್ಕ ಎರಡನೇ ಸಲಕ್ಕೆ ಬರಲಿ, ಬೇರೆ ಬೇರೆ ಸ್ಪೀಡ್ ಅದಾದ ಮೇಲೆ.