ಮನೆಯಲ್ಲಿ ಪಟಪಟ ಮಾತಾಡುವ ಮಗಳು ಶಾಲೆಯಲ್ಲಿ ಬಾಯೇ ಬಿಡುವುದಿಲ್ಲ. ಶಾಲೆಯ ಅನುಭವ ಇದಕ್ಕೆ ಕಾರಣ ಇರಬಹುದೇ?

ಇರಬಹುದು, ಅದರಲ್ಲೂ ಕೊಡಗಿನಲ್ಲಿ. ಇಲ್ಲಿ ಒಂದೇ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ಯರವ ಮಾತಾಡುವ ಮಕ್ಕಳು ಕೂತಿರುತ್ತಾರೆ. ಪಾಠ ಮಾತ್ರ ಕನ್ನಡದಲ್ಲೋ ಇಂಗ್ಲಿಷಿನಲ್ಲೋ. ತೋಟದ ಕಾರ್ಮಿಕರು ಇರುವ ಲೈನ್ ಮನೆಯಿಂದ ಬಂದ ಮಗು ಒಂದು ಪದ ತಪ್ಪು ಹೇಳಿತು, ಎಲ್ಲರೂ ನಕ್ಕರು ಅಂದುಕೊಳ್ಳಿ. ಮರುದಿನದಿಂದ ಉತ್ತರ ಗೊತ್ತಿದ್ದರೂ ಕೈ ಎತ್ತುವುದಿಲ್ಲ. ಟೀಚರ್ ಕಣ್ಣಿಗೆ ಅದು ದಡ್ಡತನದಂತೆ ಕಾಣುತ್ತದೆ!

ಹೆದರಿದಾಗ ಗಮನವೆಲ್ಲ 'ಈಗ ಏನಾಗುತ್ತೋ' ಅನ್ನುವುದಕ್ಕೇ ಹೋಗುತ್ತದೆ. ಲೆಕ್ಕದ ಹಂತಗಳನ್ನು ನೆನಪಿನಲ್ಲಿ ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ಬೆಳಿಗ್ಗೆ ಬರುವ ಹೊಟ್ಟೆನೋವೂ ಸುಮ್ನೆ ನಾಟಕ ಅಲ್ಲ, ಆತಂಕದಿಂದ ನಿಜವಾಗಿಯೇ ನೋಯುತ್ತದೆ. ಹೊಡೆತ ಮಾತ್ರವಲ್ಲ, ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಇದು ಎಷ್ಟೋ ಪೋಷಕರಿಗೆ ಗೊತ್ತೇ ಇಲ್ಲ.

ಟೀಚರ್ ಜೊತೆ ಬಿಡುವಾಗಿ ಮಾತಾಡಿ. ಸ್ವಲ್ಪ ದಿನ ಮನೆಮಾತಿನಲ್ಲೇ ಉತ್ತರ ಹೇಳಲು ಬಿಡಿ, ಗೆಳತಿಯ ಪಕ್ಕ ಕೂರಿಸಿ ಎಂದು ಕೇಳಿ. ಟ್ಯೂಷನ್ ಆಮೇಲೆ ನೋಡಿಕೊಳ್ಳೋಣ. ಕಿವಿ ಸರಿಯಾಗಿ ಕೇಳಿಸುತ್ತಾ ಅಂತಲೂ ಒಮ್ಮೆ ಪರೀಕ್ಷೆ ಮಾಡಿಸಿ. ಮಗು ಊಟ, ನಿದ್ದೆ ಬಿಟ್ಟು ಕೂತಿದ್ದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.